ಮೊಲದ ದವಡೆಯ ಕೆಳಗೆ ಗಂಟು: ಹಿಂಡಿ ತೆಗೆದರೂ ಮತ್ತೆ ತುಂಬಿಕೊಂಡಿದೆ

ಅಂಬಲಪಾಡಿ ಅಮ್ಮ | ಜೂನ್ 14, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಬೊಳ್ಳಿ ಎಂಬ ಹೆಣ್ಣು ಮೊಲ ಇದೆ, ನಾಲ್ಕು ವರ್ಷ ದಾಟಿದೆ. ಮಗಳ ಹಟಕ್ಕೆ ತಂದದ್ದು. ಮಗಳೀಗ ಹಾಸ್ಟೆಲಿನಲ್ಲಿ, ಮೊಲ ನನ್ನ ಪಾಲಿಗೆ.

ಮೂರು ವಾರದ ಹಿಂದೆ ಗದ್ದ ಸವರುವಾಗ ಎಡ ದವಡೆಯ ಕೆಳಗೆ ಅಡಿಕೆಯಷ್ಟು ಗಂಟು ಕೈಗೆ ಸಿಕ್ಕಿತು. ಚರ್ಮದ ಜತೆ ಜಾರುವುದಿಲ್ಲ, ಮೂಳೆಗೇ ಅಂಟಿಕೊಂಡಂತಿದೆ. ಹತ್ತಿರದ ಒಂದು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಸೂಜಿ ಹಾಕಿ ಎಳೆದರು, ಏನೂ ಬರಲಿಲ್ಲ. ಆಮೇಲೆ ಸಣ್ಣದಾಗಿ ಕೊಯ್ದು ಹಿಂಡಿದರು. ಟೂತ್‌ಪೇಸ್ಟ್ ಟ್ಯೂಬಿನಿಂದ ಬಂದ ಹಾಗೆ ಬಿಳಿ ಕೀವು ಸುರುಳಿ ಸುರುಳಿಯಾಗಿ ಹೊರಬಂತು. ತೊಳೆದು, ಮುಲಾಮು ಕೊಟ್ಟು, ವಾರದಲ್ಲಿ ಒಣಗುತ್ತದೆ ಎಂದರು. ಗಾಯವೇನೋ ಒಣಗಿತು. ಒಂಬತ್ತನೇ ದಿನ ಅದರಡಿಯಲ್ಲೇ ಗಂಟು ಮತ್ತೆ ಎದ್ದಿತು, ಈ ಸಲ ನೆಲ್ಲಿಕಾಯಿ ಗಾತ್ರಕ್ಕೆ.

ಎರಡು ದಿನದಿಂದ ಗದ್ದ ಸದಾ ಒದ್ದೆ. ಕೊತ್ತಂಬರಿ ಸೊಪ್ಪು ತಿನ್ನುತ್ತದೆ, ಹುಲ್ಲನ್ನು ಮಾತ್ರ ಬಾಯಿಗೆ ತೆಗೆದುಕೊಂಡು ಬೀಳಿಸಿಬಿಡುತ್ತದೆ. ಹಿಕ್ಕೆಯೂ ಸಣ್ಣದಾಗಿದೆ. ಮೆಡಿಕಲ್ ಅಂಗಡಿಯವರು ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದಾರೆ, ದಿನಕ್ಕೆರಡು ಹೊತ್ತು ಒಂದೊಂದು ಮಿಲಿ ಕುಡಿಸಿ ಎಂದು. ಇನ್ನೂ ಮುಚ್ಚಳ ತೆಗೆದಿಲ್ಲ. ನೆರೆಮನೆಯ ಅತ್ತೆ ಅರಿಶಿನ ಬೆಲ್ಲ ಅರೆದು ಕಟ್ಟು, ಕುರು ಹಣ್ಣಾಗಿ ತಾನೇ ಒಡೆಯುತ್ತದೆ ಎನ್ನುತ್ತಾರೆ. ಯಾವುದನ್ನು ಮಾಡಲಿ?

ಕದ್ರಿ ಗುಡ್ಡೆ | ಜೂನ್ 14, ರಾತ್ರಿ 11.04

ಅಕ್ಕ, ಆ ಮುಚ್ಚಳ ತೆಗೆಯಲೇ ಬೇಡಿ. ಮೊದಲು ಇದಕ್ಕೆ ಹೂಂ ಎನ್ನಿ, ಉಳಿದದ್ದು ಆಮೇಲೆ.

ಮೊಲದ ಹೊಟ್ಟೆ ನಡೆಯುವುದೇ ಅದರ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಇವನ್ನು ಬಾಯಿಯ ಮೂಲಕ ಕೊಟ್ಟರೆ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಕ್ಲಾಸ್ಟ್ರಿಡಿಯಂ ಎನ್ನುವುದು ಆ ಜಾಗದಲ್ಲಿ ಬೆಳೆದು ವಿಷ ಬಿಡುತ್ತದೆ. ಭೇದಿ ಶುರುವಾಯಿತೆಂದರೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಮಗುವಿಗೆ ಕೊಡುವ ಮದ್ದು, ಬೆಕ್ಕಿಗೂ ಕೊಡುವ ಮದ್ದು, ಮೊಲಕ್ಕೆ ಮಾತ್ರ ವಿಷ. ನಮ್ಮ ಮೊದಲನೇ ಮೊಲ ಹೋದದ್ದು ಗಂಟಿನಿಂದಲ್ಲ, ಇಂಥದೇ ಒಂದು ಗುಲಾಬಿ ಬಣ್ಣದ ಸಿರಪ್‌ನಿಂದ. ಕೊಟ್ಟವನು ನಾನೇ.

ಇನ್ನೊಂದು ಪ್ರಶ್ನೆ. ಅದು ಕೊನೆಯ ಬಾರಿ ಸರಿಯಾಗಿ ತಿಂದದ್ದು ಯಾವಾಗ?

ಅಂಬಲಪಾಡಿ ಅಮ್ಮ | ಜೂನ್ 14, ರಾತ್ರಿ 11.10

ಸಿರಪ್ ಕಪಾಟಿನ ಮೇಲಿಟ್ಟೆ. ಸಂಜೆ ಆರಕ್ಕೆ ಸ್ವಲ್ಪ ಕೊತ್ತಂಬರಿ, ಎರಡು ದಾಸವಾಳದ ಎಲೆ ತಿಂದಿದೆ.

ಕಟಪಾಡಿ ಗೂಡು | ಜೂನ್ 15, ಬೆಳಿಗ್ಗೆ 6.20

ನೇರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ನಾನು ಮಾಂಸಕ್ಕಾಗಿ ಎಂಟು ವರ್ಷ ಮೊಲ ಸಾಕಿದವನು. ದವಡೆಯಲ್ಲಿ ಗಂಟು ಎದ್ದ ಮೊಲವನ್ನು ನಾವು ಉಳಿಸಿಕೊಳ್ಳುತ್ತಿರಲಿಲ್ಲ. ಮುನ್ನೂರು ರೂಪಾಯಿಗೆ ಹೊಸ ಮರಿ ಸಿಗುವಾಗ ಅದಕ್ಕೆ ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಎಂದು ಓಡಾಡುವುದು ನನಗೆ ಅರ್ಥವಾಗುವುದಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ಹಲ್ಲು ಸರಿಯಿಲ್ಲದ ಮೊಲದಿಂದ ಮರಿ ಮಾಡಿಸಬೇಡಿ. ಮೇಲಿನ ಕೆಳಗಿನ ಬಾಚಿಹಲ್ಲು ಕೂಡದಿರುವ ದೋಷ ಎಷ್ಟೋ ಸಲ ವಂಶದಲ್ಲೇ ಬರುತ್ತದೆ.

ಕದ್ರಿ ಗುಡ್ಡೆ | ಜೂನ್ 15, ಬೆಳಿಗ್ಗೆ 7.02

ಕಟಪಾಡಿಯವರೇ, ನಿಮ್ಮ ಕೊನೆಯ ಮಾತಿಗೆ ನಮಸ್ಕಾರ. ಅದರ ಹಿಂದಿನದ್ದಕ್ಕೆ ಉತ್ತರ ಕೊಡುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆ ಜಗಳ ಬೇಡ.

ಪರ್ಕಳ ಮಾಷ್ಟ್ರು | ಜೂನ್ 15, ಬೆಳಿಗ್ಗೆ 9.15

ನಾನು ನಿವೃತ್ತ ಜೀವಶಾಸ್ತ್ರ ಅಧ್ಯಾಪಕ, ವೈದ್ಯನಲ್ಲ. ಈ ಗಂಟು ಎಲ್ಲಿಂದ ಬರುತ್ತದೆ ಎಂಬುದನ್ನಷ್ಟೇ ಹೇಳಬಲ್ಲೆ.

ಮೊಲಕ್ಕೆ 28 ಹಲ್ಲು. ಮುಂದೆ ನಮಗೆ ಕಾಣುವುದು ಮೇಲೆ ಎರಡು, ಕೆಳಗೆ ಎರಡು. ಮೇಲಿನ ಎರಡರ ಬೆನ್ನಿಗೆ ಕಡ್ಡಿಯಂತಹ ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುತ್ತವೆ. ಇಲಿಗೆ ಅವು ಇಲ್ಲ. ಮೊಲವನ್ನು ಇಲಿ ಅಳಿಲುಗಳ ಗುಂಪಿನಿಂದ ಬೇರೆ ಮಾಡುವ ಗುರುತುಗಳಲ್ಲಿ ಅದೂ ಒಂದು. ಪರೀಕ್ಷೆಗೆ ಮೊದಲು ಇದನ್ನು ಎಷ್ಟು ಸಲ ಬರೆಸಿದ್ದೇನೋ! ಕೋರೆಹಲ್ಲು ಇಲ್ಲವೇ ಇಲ್ಲ. ಹಿಂದೆ ದವಡೆ ಹಲ್ಲುಗಳು ಮೇಲೆ ಪ್ರತಿ ಬದಿಗೆ ಆರು, ಕೆಳಗೆ ಐದು. ಕಷ್ಟ ಹುಟ್ಟುವುದು ಇಲ್ಲಿ, ನಾವು ನೋಡಲಾಗದ ಕತ್ತಲೆಯಲ್ಲಿ.

ನಮ್ಮ ಹಲ್ಲು ಒಮ್ಮೆ ಬಂದರೆ ಬೇರು ಮುಚ್ಚಿಕೊಳ್ಳುತ್ತದೆ. ಮೊಲದ ಹಲ್ಲಿನ ಬೇರು ಸಾಯುವ ತನಕ ತೆರೆದೇ ಇರುತ್ತದೆ, ಹಲ್ಲು ಬೆಳೆಯುತ್ತಲೇ ಇರುತ್ತದೆ. ಬಾಚಿಹಲ್ಲು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆದೀತು. ಹುಲ್ಲನ್ನು ದವಡೆ ಪಕ್ಕಕ್ಕೆ ಆಡಿಸಿ ಗಂಟೆಗಟ್ಟಲೆ ಅರೆಯುವುದರಿಂದ ಬೆಳೆದಷ್ಟೂ ಸವೆಯುತ್ತದೆ. ರುಬ್ಬುವ ಕಲ್ಲು ಇದ್ದಂತೆ. ಬಿಸ್ಕತ್ತು, ಕ್ಯಾರೆಟ್, ಅಂಗಡಿಯ ಗುಳಿಗೆ ತಿಂಡಿಗೆ ಅರೆಯುವ ಕೆಲಸವೇ ಇಲ್ಲ, ಕಚ್ಚಿ ನುಂಗಿದರೆ ಮುಗಿಯಿತು. ಆಗ ಹಲ್ಲು ಉದ್ದವಾಗಿ ಮೇಲಿನದ್ದಕ್ಕೆ ತಾಗಿ ಒತ್ತುತ್ತದೆ. ಮುಂದೆ ಬೆಳೆಯಲು ಜಾಗವಿಲ್ಲದಾಗ ಬೇರು ಹಿಂದಕ್ಕೆ, ದವಡೆಯ ಮೂಳೆಯೊಳಕ್ಕೆ ಇಳಿಯುತ್ತದೆ. ಹಲ್ಲುಗಳು ಓರೆಯಾಗಿ ಸಂದು ಬಿಡುತ್ತವೆ, ಸಂದಿನಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಬೇರಿನ ತುದಿಗೆ ಇಳಿಯುತ್ತದೆ. ನಿಮ್ಮ ಕೈಗೆ ಸಿಕ್ಕಿದ ಗಂಟು ಆ ಕಥೆಯ ಕೊನೆಯ ಅಧ್ಯಾಯ.

ಮನುಷ್ಯರ ಹಲ್ಲಿಗೆ ಮಣಿಪಾಲದಲ್ಲಿ 1965ರಿಂದ ಕಾಲೇಜು ಇದೆ, ಮೀನಿಗೆ ಮಂಗಳೂರಿನಲ್ಲಿ 1969ರಿಂದ ಕಾಲೇಜು ಇದೆ. ಮೊಲದ ಹಲ್ಲು ಎಂದರೆ ಮಾತ್ರ ಊರು ನಗುತ್ತದೆ.

ಅಂಬಲಪಾಡಿ ಅಮ್ಮ | ಜೂನ್ 15, ಬೆಳಿಗ್ಗೆ 9.40

ಮಾಷ್ಟ್ರೇ, ಓದಿ ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು. ದಿನಾ ಬೆಳಿಗ್ಗೆ ನನ್ನ ಚಹಾದ ಜತೆ ಅದಕ್ಕೂ ಒಂದು ಮ್ಯಾರಿ ಬಿಸ್ಕತ್ತು. ನೀರುದೋಸೆ ಹೊಯ್ದ ದಿನ ಅಂಚಿನ ತುಂಡು ಅದಕ್ಕೇ ಮೀಸಲು. ಎರಡು ಕಾಲಿನಲ್ಲಿ ನಿಂತು ಬೇಡುತ್ತದೆ, ಕೊಡದಿರುವುದು ಹೇಗೆ?

ದಕ ಪಶುವೈದ್ಯೆ | ಜೂನ್ 15, ಮಧ್ಯಾಹ್ನ 1.30

ಮಧ್ಯಾಹ್ನದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನೋಡದೆ ಮದ್ದಿನ ಪ್ರಮಾಣ ಹೇಳುವುದಿಲ್ಲ, ಯಾರೂ ಕೇಳಬೇಡಿ. ಮೊಲಕ್ಕೆ ಕೊಡುವ ಕೆಲವು ನೋವಿನ ಮದ್ದುಗಳ ಅಳತೆ ನಾಯಿಯದ್ದಕ್ಕಿಂತ ಬೇರೆ, ಅಂದಾಜಿನ ಆಟವಲ್ಲ.

ಒಮ್ಮೆ ಹಿಂಡಿದ ಗಂಟು ಏಕೆ ತುಂಬಿತು ಎಂಬುದಕ್ಕೆ ಉತ್ತರ ಆ ಟೂತ್‌ಪೇಸ್ಟಿನಲ್ಲೇ ಇದೆ. ನಮ್ಮ ಕೀವು ನೀರಾಗಿರುತ್ತದೆ, ಏಕೆಂದರೆ ನಮ್ಮ ಬಿಳಿ ರಕ್ತಕಣಗಳ ಕಿಣ್ವಗಳು ಸತ್ತ ಅಂಗಾಂಶವನ್ನು ಕರಗಿಸುತ್ತವೆ. ಮೊಲದ ಆ ಕಣಗಳಿಗೆ ಹೆಟೆರೋಫಿಲ್ ಎನ್ನುತ್ತೇವೆ, ಅವುಗಳಲ್ಲಿ ಕರಗಿಸುವ ಶಕ್ತಿ ಕಡಿಮೆ. ಹಾಗಾಗಿ ಕೀವು ಗಿಣ್ಣದಂತೆ ಗಟ್ಟಿಯಾಗಿಯೇ ಉಳಿಯುತ್ತದೆ, ಸೂಜಿಗೆ ಬರುವುದಿಲ್ಲ, ನಳಿಕೆ ಇಟ್ಟರೆ ಇಳಿಯುವುದಿಲ್ಲ. ಅದರ ಸುತ್ತ ದೇಹ ದಪ್ಪ ಚೀಲವೊಂದನ್ನು ಕಟ್ಟಿಕೊಳ್ಳುತ್ತದೆ. ಚೀಲದೊಳಗೆ ರಕ್ತ ಹರಿಯುವುದಿಲ್ಲ, ರಕ್ತ ಹೋಗದ ಕಡೆ ಮದ್ದೂ ಹೋಗುವುದಿಲ್ಲ. ಒಳಗಿರುವುದನ್ನು ಹಿಂಡಿ ತೆಗೆದರೂ ಚೀಲ ಅಲ್ಲೇ ಇದೆ, ಅದನ್ನು ಹುಟ್ಟಿಸಿದ ಹಲ್ಲೂ ಅಲ್ಲೇ ಇದೆ. ಅರಿಶಿನ ಬೆಲ್ಲಕ್ಕೆ ಹಣ್ಣಾಗುವುದು ನಮ್ಮ ಕುರು. ಇದು ಹಣ್ಣಾಗುವ ಜಾತಿಯಲ್ಲ.

ನೀವು ಈಗ ಮಾಡಿಸಬೇಕಾದದ್ದು ತಲೆಯ ಎಕ್ಸ್‌ರೇ. ಒಂದು ಕೋನದಿಂದ ಸಾಲದು. ನೇರ ಪಕ್ಕದಿಂದ, ಓರೆಯಾಗಿ ಎರಡೂ ಕಡೆಯಿಂದ, ಮೇಲಿನಿಂದ. ಎಡ ಬಲ ದವಡೆಗಳು ಒಂದರ ಮೇಲೊಂದು ಬಿದ್ದರೆ ಯಾವ ಹಲ್ಲು ಕೆಟ್ಟಿದೆ ಎಂದು ತಿಳಿಯುವುದಿಲ್ಲ. ಸಿಟಿ ಸ್ಕ್ಯಾನ್ ಸಿಕ್ಕಿದರೆ ಇನ್ನೂ ಸ್ಪಷ್ಟ. ಎಚ್ಚರವಿರುವ ಮೊಲದ ಬಾಯೊಳಗೆ ದೀಪ ಹಾಕಿ ನೋಡಿ ಎಲ್ಲ ಸರಿಯಿದೆ ಎಂದರೆ ಪೂರ್ತಿ ನಂಬಬೇಡಿ. ಅದರ ಬಾಯಿ ಕಿರಿದು, ಕೆನ್ನೆ ಒಳಕ್ಕೆ ಮಡಚಿಕೊಂಡಿರುತ್ತದೆ, ಅರಿವಳಿಕೆ ಕೊಟ್ಟಾಗಲೇ ಎಲ್ಲ ಕಾಣುವುದು.

ಅಲ್ಲಿಯ ತನಕ ಒಂದು ನಿಯಮ: ಹನ್ನೆರಡು ಗಂಟೆ ಏನೂ ತಿನ್ನದ ಮೊಲ ತುರ್ತು ರೋಗಿ. ಬೆಳಗಾಗಲಿ ಎಂದು ಕಾಯುವಂತಿಲ್ಲ. ಹೊಟ್ಟೆಯ ಚಲನೆ ನಿಂತರೆ ಗಂಟಿಗಿಂತ ಮೊದಲು ಅದೇ ಕೊಲ್ಲುತ್ತದೆ.

ಕುಂದಾಪುರ ಕರೆ | ಜೂನ್ 15, ಸಂಜೆ 5.45

ನಮ್ಮದು ಕಣ್ಣಿನಿಂದ ಶುರುವಾಯಿತು. ಬಲಗಣ್ಣಲ್ಲಿ ನೀರು. ಧೂಳು ಬಿದ್ದಿರಬೇಕು ಎಂದು ಕಣ್ಣಿನ ಹನಿ ಹಾಕಿದೆವು, ಒಂದೂವರೆ ತಿಂಗಳು. ಆಮೇಲೆ ಕಣ್ಣು ಮುಂದಕ್ಕೆ ಬಂತು. ಮೇಲಿನ ದವಡೆ ಹಲ್ಲಿನ ಬೇರು ಕಣ್ಣಿನ ಗೂಡಿನ ಹತ್ತಿರವೇ ಇರುತ್ತದಂತೆ, ಕೀವು ಕಣ್ಣಿನ ಹಿಂದೆ ತುಂಬಿತ್ತು. ಮೊಲದ ಕಣ್ಣೀರಿನ ನಾಳವೂ ಹಲ್ಲಿನ ಬೇರುಗಳ ಪಕ್ಕದಲ್ಲೇ ಹಾದುಹೋಗುತ್ತದೆ ಎಂದು ಆಗ ಗೊತ್ತಾಯಿತು. ಶಿರಾಡಿ ಘಾಟಿಯ ಮೂಲಕ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಸ್ಕ್ಯಾನ್ ನೋಡಿದ ವೈದ್ಯರು ಕಣ್ಣು ತೆಗೆದು ಪ್ರಯತ್ನಿಸಬಹುದು, ಆದರೆ ಮೂಳೆ ತುಂಬ ಹೋಗಿದೆ ಎಂದರು. ಅದರ ತೂಕ 900 ಗ್ರಾಮಿಗೆ ಇಳಿದಿತ್ತು. ದಯಾಮರಣಕ್ಕೆ ಒಪ್ಪಿದೆವು. ಖಾಲಿ ಬುಟ್ಟಿ ಹಿಡಿದು ಹಗಲು ಬಸ್ಸಿನಲ್ಲಿ ವಾಪಸ್ಸು ಬಂದೆವು.

ಹೆದರಿಸಲು ಹೇಳಿದ್ದಲ್ಲ. ನಿಮ್ಮದು ಕೆಳದವಡೆಯಲ್ಲಿದೆ, ಕೈಗೆ ಸಿಗುತ್ತದೆ. ನಾಳೆಯೇ ಹೋಗಿ.

ಅಂಬಲಪಾಡಿ ಅಮ್ಮ | ಜೂನ್ 17, ರಾತ್ರಿ 9.30

ಮಂಗಳೂರಿಗೆ ಹೋಗಿ ಬಂದೆವು. ಬೆತ್ತದ ಬುಟ್ಟಿಯಲ್ಲಿ ಬೈರಾಸು ಹಾಸಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕ. ಪಡುಬಿದ್ರಿ ದಾಟುವಾಗ ಕಂಡಕ್ಟರ್ ಬುಟ್ಟಿ ನೋಡಿ ಕೋಳಿಯೇ ಎಂದು ಕೇಳಿದರು. ಮೊಲ, ಹಲ್ಲುನೋವು ಎಂದೆ. ಅವರೂ ಕೆನ್ನೆ ಹಿಡಿದುಕೊಂಡು, ನನಗೂ ಮೂರು ದಿನದಿಂದ ಎಂದರು. ಟಿಕೆಟ್ ನನಗೊಂದೇ ಹರಿದರು.

ಎಕ್ಸ್‌ರೇಯಲ್ಲಿ ಎಡ ಕೆಳದವಡೆಯ ಎರಡನೆಯ ಹಲ್ಲಿನ ಬೇರಿನ ಸುತ್ತ ಮೂಳೆ ಕರಗಿ ಕಪ್ಪಾಗಿದೆ. ಅದರ ಬೇರು ದವಡೆಯ ಕೆಳಗಿನ ಅಂಚನ್ನು ತಳ್ಳಿಕೊಂಡು ಇಳಿದಿರುವುದು ನನ್ನ ಕಣ್ಣಿಗೇ ಕಂಡಿತು. ಉಳಿದ ಹಲ್ಲುಗಳಲ್ಲೂ ಚೂಪು ಅಂಚು ಇದೆಯಂತೆ, ಒಂದು ನಾಲಗೆಗೆ ತಾಗಿ ಗೀರಿದೆ. ಹುಲ್ಲು ಬೀಳಿಸುತ್ತಿದ್ದದ್ದು ಅದಕ್ಕೇ. ನಾನು ಅದನ್ನು ಕೊಬ್ಬು ಎಂದುಕೊಂಡು ಗದರಿದ್ದೆ.

ಶುಕ್ರವಾರ ಶಸ್ತ್ರಚಿಕಿತ್ಸೆ. ಹಿಂದಿನ ರಾತ್ರಿಯಿಂದ ಉಪವಾಸ ಇಡಬೇಕೇ ಎಂದು ಕೇಳಲು ಮರೆತೆ. ನನಗೆ ಗರ್ಭಕೋಶದ ಆಪರೇಷನ್ ಆದಾಗ ನೀರೂ ಕೊಟ್ಟಿರಲಿಲ್ಲ.

ದಕ ಪಶುವೈದ್ಯೆ | ಜೂನ್ 17, ರಾತ್ರಿ 10.15

ಬೇಡ, ಬೇಡ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ನಮ್ಮಂತೆ ಹೊಟ್ಟೆ ಖಾಲಿ ಮಾಡಿಸುವ ಅಗತ್ಯವಿಲ್ಲ. ಖಾಲಿ ಹೊಟ್ಟೆಯೇ ಅದಕ್ಕೆ ಅಪಾಯ. ಹೊರಡುವ ತನಕ ತಿನ್ನಲಿ. ಕೊನೆಯಲ್ಲಿ ಬಾಯಿ ಸ್ವಚ್ಛವಾಗಿರಲು ಎಷ್ಟು ಹೊತ್ತು ನಿಲ್ಲಿಸಬೇಕೆಂದು ಅಲ್ಲಿಯ ವೈದ್ಯರೇ ಹೇಳುತ್ತಾರೆ. ಅದಕ್ಕೆ ಇಷ್ಟವಾದ ಸೊಪ್ಪನ್ನು ಡಬ್ಬಿಯಲ್ಲಿ ಒಯ್ಯಿರಿ, ಎಚ್ಚರವಾದ ಕೂಡಲೇ ಮೂಗಿನ ಮುಂದೆ ಹಿಡಿಯಲು. ಮೈ ತಣ್ಣಗಾಗದಂತೆ ನೋಡಿಕೊಳ್ಳಿ. ಅದರ ಸಹಜ ಉಷ್ಣತೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಕಿವಿ ತಣ್ಣಗೆ ಹತ್ತಿದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಕುತ್ತಿಗೆಗೆ ಪ್ಲಾಸ್ಟಿಕ್ ಕೊರಳಪಟ್ಟಿ ಹಾಕಬೇಕೆಂದರೆ ಬೇರೆ ದಾರಿ ಇದೆಯೇ ಎಂದು ಕೇಳಿ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಹಿಂಬದಿಯಿಂದಲೇ ಬಾಯಿ ಹಾಕಿ ತಿನ್ನುತ್ತದೆ, ಅದು ಅದರ ಪೋಷಣೆಯ ಭಾಗ. ಪಟ್ಟಿ ಅದನ್ನು ತಪ್ಪಿಸುತ್ತದೆ.

ಅಂಬಲಪಾಡಿ ಅಮ್ಮ | ಜೂನ್ 20, ರಾತ್ರಿ 11.20

ಬದುಕಿದೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಗ್ಯಾಸ್ ಅರಿವಳಿಕೆ, ಒಂದೂವರೆ ಗಂಟೆ. ಗಂಟನ್ನು ಚೀಲ ಸಮೇತ ಬಿಡಿಸಿದರು, ಕೆಟ್ಟ ಹಲ್ಲು ಗಾಯದ ಕಡೆಯಿಂದಲೇ ಹೊರಬಂತು. ಚಿಕ್ಕ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದಾರೆ. ನನ್ನ ಕಿರುಬೆರಳಿನ ಉಗುರಿಗಿಂತ ಉದ್ದ, ಬಾಳೆಕಾಯಿಯಂತೆ ಬಾಗಿದೆ, ಬುಡದಲ್ಲಿ ಹಸಿರು ಮಿಶ್ರಿತ ಕಂದು. ಇಷ್ಟು ಸಣ್ಣ ತಲೆಯೊಳಗೆ ಇಷ್ಟುದ್ದದ ಹಲ್ಲು ಎಲ್ಲಿತ್ತು! ಮೆತ್ತಗಾಗಿದ್ದ ಮೂಳೆಯನ್ನು ಕೆರೆದರಂತೆ. ಪರೀಕ್ಷೆಗೆ ಕೀವನ್ನಲ್ಲ, ಚೀಲದ ಗೋಡೆಯ ಚೂರನ್ನು ಕಳುಹಿಸಿದ್ದಾರೆ. ನಡುವಿನ ಕೀವಿನಲ್ಲಿ ಹಲವು ಸಲ ಏನೂ ಬೆಳೆಯುವುದಿಲ್ಲ, ಜೀವಂತ ಬ್ಯಾಕ್ಟೀರಿಯಾ ಗೋಡೆಯಲ್ಲಿರುತ್ತದೆ ಎಂದು ವಿವರಿಸಿದರು.

ಗಾಯವನ್ನು ಹೊಲಿದು ಮುಚ್ಚಿಲ್ಲ. ಒಳಗಿನ ಅಂಚನ್ನು ಹೊರಚರ್ಮಕ್ಕೆ ಸುತ್ತ ಹೊಲಿದು ಗುಬ್ಬಿಗೂಡಿನ ಬಾಯಿಯಂತೆ ತೆರೆದೇ ಬಿಟ್ಟಿದ್ದಾರೆ. ದಿನಕ್ಕೆರಡು ಸಲ ನಾನು ತೊಳೆಯಬೇಕು. ನೋಡಿ ತಲೆ ತಿರುಗಿತು. ಮಗಳು ವಿಡಿಯೊ ಕರೆಯಲ್ಲಿ ನೋಡಿ ಅತ್ತಳು.

ಕದ್ರಿ ಗುಡ್ಡೆ | ಜೂನ್ 21, ಬೆಳಿಗ್ಗೆ 6.45

ಆ ಬಾಯಿ ತೆರೆದಿರುವುದೇ ನಿಮ್ಮ ಅದೃಷ್ಟ ಅಕ್ಕ. ಮೇಲೆ ಮುಚ್ಚಿಕೊಂಡು ಒಳಗೆ ಕೀವು ಉಳಿದರೆ ಮತ್ತೆ ಮೊದಲಿನಿಂದ. ತಳದಿಂದ ಮೇಲಕ್ಕೆ ಮಾಂಸ ತುಂಬಿಕೊಂಡು ಬರಬೇಕು. ಕೆಲವರು ಆಂಟಿಬಯಾಟಿಕ್ ತುಂಬಿದ ಮಣಿಗಳನ್ನು ಗುಳಿಯೊಳಗೆ ಇಡುತ್ತಾರೆ, ಕೆಲವರು ಮದ್ದಿನಲ್ಲಿ ಅದ್ದಿದ ಬಟ್ಟೆಪಟ್ಟಿ ತುರುಕಿ ವಾರಕ್ಕೊಮ್ಮೆ ಬದಲಿಸುತ್ತಾರೆ. ದಾರಿ ಬೇರೆ, ಉದ್ದೇಶ ಒಂದೇ.

ತೊಳೆಯುವ ಕ್ರಮ ಹೇಳುತ್ತೇನೆ, ಎರಡನೆಯ ಮೊಲಕ್ಕೆ ನಾನು ನಲವತ್ತು ದಿನ ಮಾಡಿದ್ದು. ಮೇಜಿನ ಮೇಲೆ ಬೇಡ, ನೆಲದಲ್ಲಿ ಕುಳಿತುಕೊಳ್ಳಿ. ಹಾರಿದರೆ ಅದರ ಬೆನ್ನುಮೂಳೆ ಮುರಿಯಬಹುದು. ಬೈರಾಸನ್ನು ಪತ್ರೊಡೆ ಸುರುಳಿಯಂತೆ ಬಿಗಿಯಾಗಿ ಸುತ್ತಿ, ತಲೆ ಮಾತ್ರ ಹೊರಗೆ. ಮೆಡಿಕಲ್‌ನಲ್ಲಿ ಸಿಗುವ ಸಲೈನ್ ನೀರನ್ನು ಕೈಬಿಸಿ ಮಾಡಿ, ಸೂಜಿ ತೆಗೆದ ಸಿರಿಂಜಿನಿಂದ ಗುಳಿಯೊಳಗೆ ಮೆಲ್ಲಗೆ ಬಿಡಿ. ನೀರು ಬಾಯಿಯೊಳಗೆ ಬಂದು ಅದು ನೆಕ್ಕತೊಡಗಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ, ಗಾಯ ಬಾಯಿಗೆ ದಾರಿ ಮಾಡಿದೆ ಎಂದರ್ಥ. ಬಿಳಿ ತುಣುಕು ಬಂದರೆ ಹತ್ತಿಯಿಂದ ತೆಗೆಯಿರಿ. ಕೆಂಪಗೆ, ಹಸಿಯಾಗಿ, ಸ್ವಲ್ಪ ರಕ್ತ ಜಿನುಗುವಂತೆ ಕಂಡರೆ ಹೆದರಬೇಡಿ, ಅದು ಒಳ್ಳೆಯ ಮಾಂಸ.

ನೊಣ! ಈ ಮಳೆಗಾಲದಲ್ಲಿ ತೆರೆದ ಗಾಯದ ಮೇಲೆ ನೊಣ ಕುಳಿತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಸೊಳ್ಳೆಪರದೆಯ ತುಂಡನ್ನು ಗೂಡಿನ ಸುತ್ತ ಕಟ್ಟಿ. ನಾಯಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಮಾತ್ರ ಹತ್ತಿರ ತರಬೇಡಿ, ಮೊಲಕ್ಕೆ ಅದು ಪ್ರಾಣಾಂತಿಕ.

ಅಂಬಲಪಾಡಿ ಅಮ್ಮ | ಜೂನ್ 22, ಮಧ್ಯಾಹ್ನ 2.10

ನಿನ್ನೆ ಮೊದಲ ಸಲ ತೊಳೆದೆ. ಪತ್ರೊಡೆ ಎಂದಿರಲ್ಲ, ಅದೇ ಹಿಡಿತಕ್ಕೆ ಬಂತು. ಕೈ ನಡುಗಿ ಅರ್ಧ ನೀರು ನನ್ನ ಸೀರೆಗೆ. ಇಂದು ಪರವಾಗಿಲ್ಲ.

ತಾನಾಗಿ ತಿನ್ನುತ್ತಿಲ್ಲ. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಸಿರಿಂಜಿನಲ್ಲಿ ಕೊಡಬಹುದೇ? ನಮ್ಮ ಕಡೆ ಯಾವ ಕಾಯಿಲೆಗೂ ಮೊದಲು ಗಂಜಿಯೇ ಅಲ್ಲವೇ.

ದಕ ಪಶುವೈದ್ಯೆ | ಜೂನ್ 22, ಮಧ್ಯಾಹ್ನ 2.40

ಗಂಜಿ ನಿಮಗೆ. ಅದಕ್ಕೆ ನಾರು ಬೇಕು, ಪಿಷ್ಟವಲ್ಲ. ಕಾಯಿಲೆಯ ಮೊಲಕ್ಕೆಂದೇ ಹುಲ್ಲಿನ ಪುಡಿಯಿಂದ ಮಾಡಿದ ಆಹಾರ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಿಕೊಳ್ಳಿ. ಅದು ಬರುವ ತನಕ ಹುಲ್ಲಿನಿಂದ ಮಾಡಿದ ಗುಳಿಗೆ ತಿಂಡಿಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿಲಿ ಲೆಕ್ಕ. ನಿಮ್ಮದು ಒಂದೂವರೆ ಕಿಲೋ, ಆರು ಹೊತ್ತಿಗೆ ಹಂಚಿದರೆ ಹೊತ್ತಿಗೆ ಹನ್ನೆರಡು ಮಿಲಿಯಷ್ಟು. ಹೊಟ್ಟೆ ಉಬ್ಬಿ ಬಿರುಸಾಗಿದ್ದರೆ ಮಾತ್ರ ಬಲವಂತವಾಗಿ ತಿನ್ನಿಸದೆ ಮೊದಲು ವೈದ್ಯರಿಗೆ ತೋರಿಸಿ. ಬಾಯಿಯ ಪಕ್ಕದಿಂದ, ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ ಸಿರಿಂಜ್ ಇಟ್ಟು ಒಂದೊಂದೇ ಮಿಲಿ. ನೇರ ಗಂಟಲಿಗೆ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ನೋವಿನ ಮದ್ದು ತಪ್ಪಿಸಬೇಡಿ, ನೋವಿರುವ ಮೊಲ ತಿನ್ನುವುದಿಲ್ಲ.

ಅಂಬಲಪಾಡಿ ಅಮ್ಮ | ಜೂನ್ 22, ಮಧ್ಯಾಹ್ನ 2.55

ಇನ್ನೊಂದು ಭಯ ಮೇಡಂ. ಅವರು ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತಿದ್ದಾರೆ, ಎರಡು ದಿನಕ್ಕೊಮ್ಮೆ. ಕದ್ರಿಯವರು ಆ ಜಾತಿಯ ಮದ್ದೇ ವಿಷ ಎಂದಿದ್ದರಲ್ಲ?

ದಕ ಪಶುವೈದ್ಯೆ | ಜೂನ್ 22, ಮಧ್ಯಾಹ್ನ 3.05

ಬಾಯಿಯ ಮೂಲಕ ಹೋದರೆ ವಿಷ, ಚರ್ಮದಡಿ ಹೋದರೆ ಮದ್ದು. ಕರುಳಿಗೆ ನೇರವಾಗಿ ತಾಗದ ಕಾರಣ ಅದನ್ನು ಹೀಗೆ ಬಳಸುತ್ತೇವೆ. ಹಲ್ಲಿನ ಬೇರಿನಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳೇ ಹೆಚ್ಚು, ಅವಕ್ಕೆ ಪೆನಿಸಿಲಿನ್, ಮೆಟ್ರೊನಿಡಜೋಲ್ ನಾಟುತ್ತವೆ. ಎಲ್ಲ ಮೊಲಕ್ಕೂ ಕೊಡುವ ಎನ್ರೊಫ್ಲಾಕ್ಸಾಸಿನ್ ಒಂದನ್ನೇ ಕೊಟ್ಟರೆ ಅವುಗಳ ಮೇಲೆ ಹೆಚ್ಚು ಪರಿಣಾಮವಿಲ್ಲ. ಅವರು ತಿಳಿದೇ ಕೊಡುತ್ತಿದ್ದಾರೆ. ಹಿಕ್ಕೆ ಮೆತ್ತಗಾದರೆ ಮಾತ್ರ ಆ ಕ್ಷಣವೇ ತಿಳಿಸಿ.

ಕಟಪಾಡಿ ಗೂಡು | ಜೂನ್ 29, ರಾತ್ರಿ 8.00

ಹೇಗಿದೆ ಅದು?

ಅಂಬಲಪಾಡಿ ಅಮ್ಮ | ಜೂನ್ 29, ರಾತ್ರಿ 8.25

ನೀವು ಕೇಳಿದಿರಲ್ಲ, ಖುಷಿಯಾಯಿತು. ಗುಳಿ ಅರ್ಧಕ್ಕೆ ತುಂಬಿದೆ. ನಿನ್ನೆ ಮೊದಲ ಬಾರಿಗೆ ತಾನಾಗಿ ಹುಲ್ಲು ಜಗಿಯಿತು, ಬಲಗಡೆಯಲ್ಲಿ ಮಾತ್ರ. ಆ ಕಟಕಟ ಸದ್ದು ಕೇಳಲು ದೀಪ ಆರಿಸಿ ಗೂಡಿನ ಪಕ್ಕ ಹತ್ತು ನಿಮಿಷ ಕುಳಿತಿದ್ದೆ. ಇಲ್ಲಿಯ ತನಕ ಎಲ್ಲ ಸೇರಿ 14,000 ರೂಪಾಯಿ ದಾಟಿದೆ. ಮನೆಯವರಿಗೆ ಹೇಳಿದ್ದು 6,000.

ಹುಲ್ಲಿನದ್ದೇ ಈಗ ಸಮಸ್ಯೆ. ಆನ್‌ಲೈನಿನಲ್ಲಿ ತರಿಸಿದ ಒಣಹುಲ್ಲು ಈ ಹಸಿ ಹವೆಗೆ ನಾಲ್ಕೇ ದಿನದಲ್ಲಿ ಮುಗ್ಗಲು ವಾಸನೆ. ಬೈಹುಲ್ಲು ಹಾಕಬಹುದೇ?

ಪರ್ಕಳ ಮಾಷ್ಟ್ರು | ಜೂನ್ 30, ಬೆಳಿಗ್ಗೆ 8.30

ಬೈಹುಲ್ಲಿನಲ್ಲಿ ಸತ್ವ ಕಡಿಮೆ. ಹಾಸಲು ಹಾಕಿ, ಒಂದಿಷ್ಟು ಜಗಿದರೆ ಅಡ್ಡಿಯಿಲ್ಲ, ಅದೇ ಊಟವಾಗುವುದು ಬೇಡ. ಮುಗ್ಗಲು ಬಂದದ್ದನ್ನು ಚೆಲ್ಲಿಬಿಡಿ. ಮಳೆಗಾಲದ ಕರಾವಳಿಯಲ್ಲಿ ಒಣಹುಲ್ಲಿಗೆ ಏಕೆ ಹಂಬಲಿಸುತ್ತೀರಿ? ಕಾಂಪೌಂಡಿನ ಹೊರಗೆ ಸೊಂಟದೆತ್ತರ ಹಸಿ ಹುಲ್ಲು ನಿಂತಿದೆ. ಗರಿಕೆ, ಗಿನಿ ಹುಲ್ಲು, ಎಳೆ ಬಿದಿರೆಲೆ. ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ, ಹಲ್ಲು ಸವೆಯಲು ಅದು ನೆರವಾಗುತ್ತದೆ. ಕಳೆನಾಶಕ ಹೊಡೆದ ಜಾಗದ್ದು, ನಾಯಿ ಓಡಾಡುವ ಜಾಗದ್ದು ಬೇಡ. ನೀರು ಒರೆಸಿ, ಹೊಸ ಹುಲ್ಲನ್ನು ದಿನದಿನಕ್ಕೆ ಸ್ವಲ್ಪವಾಗಿ ಹೆಚ್ಚಿಸಿ.

ನನ್ನ ಮೊಮ್ಮಗಳ ಮೊಲಕ್ಕೆ ನಾನು ರಥಬೀದಿಯ ಹೂವಿನವರಿಂದ ಗರಿಕೆ ಕಟ್ಟು ತರುತ್ತಿದ್ದೆ. ಒಂದು ತಿಂಗಳಾದ ಮೇಲೆ ಆ ಹೆಂಗಸು ಕೇಳಿದಳು, ಮಾಷ್ಟ್ರೇ, ನಿಮ್ಮಲ್ಲಿ ದಿನವೂ ಗಣಹೋಮವೇ ಎಂದು.

ಕುಂದಾಪುರ ಕರೆ | ಜೂನ್ 30, ಬೆಳಿಗ್ಗೆ 9.10

ಬಾಚಿಹಲ್ಲು ಉದ್ದವಾದಾಗ ಉಗುರು ಕತ್ತರಿಯಿಂದ ಮನೆಯಲ್ಲೇ ಕತ್ತರಿಸಬಹುದು ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಯಾರಾದರೂ ಮಾಡಿದ್ದೀರಾ?

ಕದ್ರಿ ಗುಡ್ಡೆ | ಜೂನ್ 30, ಬೆಳಿಗ್ಗೆ 9.22

ಮಾಡಬೇಡಿ. ಹಲ್ಲು ಉದ್ದಕ್ಕೆ ಸೀಳಿ, ಸೀಳು ಒಸಡಿನೊಳಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಕೀವು. ವೈದ್ಯರು ತಿರುಗುವ ಯಂತ್ರದಿಂದ ಸವೆಸುತ್ತಾರೆ.

ಇನ್ನೊಂದು, ಎಲ್ಲರೂ ಮಾಡಬಹುದಾದದ್ದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬರಿ ಇಟ್ಟು ವಾರಕ್ಕೊಮ್ಮೆ ಮೊಲವನ್ನು ತೂಗಿ, ಕ್ಯಾಲೆಂಡರಿನಲ್ಲಿ ಬರೆಯಿರಿ. ಅದು ನೋವನ್ನು ಮುಚ್ಚಿಡುವ ಪ್ರಾಣಿ, ಮುಖದಲ್ಲಿ ತೋರಿಸುವುದಿಲ್ಲ. ನಮ್ಮ ಎರಡನೆಯದ್ದರ ಗಂಟು ಕೈಗೆ ಸಿಗುವ ಒಂದು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ 120 ಗ್ರಾಂ ಇಳಿದಿತ್ತು. ನಾನು ಸೆಕೆಗೆ ಇಳಿದಿದೆ ಎಂದುಕೊಂಡೆ.

ಅಂಬಲಪಾಡಿ ಅಮ್ಮ | ಸೆಪ್ಟೆಂಬರ್ 18, ಸಂಜೆ 6.30

ತುಂಬ ದಿನವಾಯಿತು ಬರೆಯದೆ. ಗಾಯ ಜುಲೈ ಕೊನೆಗೆ ಪೂರ್ತಿ ಮುಚ್ಚಿತು. ಈಗ ಅಲ್ಲಿ ಕೂದಲು ಬಂದಿದೆ, ಸ್ವಲ್ಪ ತಗ್ಗು ಮಾತ್ರ. ತೂಕ 1 ಕಿಲೋ 720 ಗ್ರಾಂ. ವಿಟ್ಲಪಿಂಡಿಯ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಹುಲಿವೇಷದ ತಾಸೆ ವಾದ್ಯದ ಸದ್ದಿಗೆ ಹೆದರಿ ಮಂಚದಡಿ ಸೇರಿದ್ದು ರಾತ್ರಿಯ ತನಕ ಹೊರಗೆ ಬರಲಿಲ್ಲ, ನನಗೆ ಜೀವ ಹೋದಂತಾಯಿತು. ಹತ್ತು ಗಂಟೆಗೆ ತಾನಾಗಿ ಬಂದು ಹುಲ್ಲಿಗೆ ಬಾಯಿ ಹಾಕಿತು.

ಪೂರ್ತಿ ಮುಗಿದಿಲ್ಲ. ತೆಗೆದ ಹಲ್ಲಿಗೆ ಎದುರಾಗಿ ಮೇಲಿರುವ ಹಲ್ಲಿಗೆ ಈಗ ಉಜ್ಜಲು ಜೋಡಿಯಿಲ್ಲ, ಅದು ಉದ್ದವಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಅರಿವಳಿಕೆಯಲ್ಲಿ ಸವೆಸಬೇಕು, ಬಹುಶಃ ಜೀವನಪೂರ್ತಿ. ಪಕ್ಕದ ಹಲ್ಲಿನ ಬೇರೂ ಎಕ್ಸ್‌ರೇಯಲ್ಲಿ ಅಷ್ಟು ಚೆನ್ನಾಗಿಲ್ಲ. ಮ್ಯಾರಿ ಬಿಸ್ಕತ್ತು ನಿಂತಿದೆ. ಬೆಳಿಗ್ಗೆ ಚಹಾ ಹೊತ್ತಿಗೆ ಇನ್ನೂ ಎರಡು ಕಾಲಿನಲ್ಲಿ ನಿಲ್ಲುತ್ತದೆ, ನಾನು ಬಿದಿರೆಲೆ ಕೊಡುತ್ತೇನೆ, ಅದು ನನ್ನ ಮುಖ ನೋಡುತ್ತದೆ.

ಹುಲ್ಲಿನ ಪುಡಿಯ ಪೊಟ್ಟಣ ಒಂದು ಒಡೆಯದೆ ಉಳಿದಿದೆ, ಡಿಸೆಂಬರ್ ತನಕ ಅವಧಿ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ದುಡ್ಡು ಬೇಡ.

ಕದ್ರಿ ಗುಡ್ಡೆ | ಸೆಪ್ಟೆಂಬರ್ 18, ಸಂಜೆ 6.52

ನನಗೆ ಬೇಕು ಅಕ್ಕ. ನಮ್ಮ ಗಂಡು ಬೆಳಿಗ್ಗೆಯಿಂದ ಹುಲ್ಲನ್ನು ಮೂಸಿ ಬಿಡುತ್ತಿದೆ.

ಅಂಬಲಪಾಡಿ ಅಮ್ಮ | ಸೆಪ್ಟೆಂಬರ್ 18, ಸಂಜೆ 6.55

ಏಳೂಕಾಲರ ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳುಹಿಸುತ್ತೇನೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿಸಿಕೊಳ್ಳಿ. ಆದರೆ ಅದಕ್ಕೆ ಕಾಯುತ್ತ ಕುಳಿತುಕೊಳ್ಳಬೇಡಿ. ಬೆಳಿಗ್ಗೆಯಿಂದ ಎಂದಿರಲ್ಲ, ಎಷ್ಟು ಗಂಟೆಯಾಯಿತು? ಗದ್ದ ಒದ್ದೆ ಇದೆಯೇ ನೋಡಿ.